ಕರೆಂಟ್ ಬಿಲ್ಲಿನಿಂದ ಬಿಲ್ಲಿಗೆ ಒಂದು ಹಸಿರು ಪಂಥ

ಪರಿಸರಕ್ಕೆ ಏನಾದರೂ ಮಾಡಬೇಕು ಎಂಬ ಮನಸ್ಸು ತುಂಬ ಮಂದಿಗಿದೆ. ಜೂನ್ 5ಕ್ಕೆ ಗಿಡ ನೆಡುತ್ತೇವೆ. ಇನ್ನು ಮೇಲೆ ಪೇಟೆಗೆ ಬಟ್ಟೆಚೀಲವೇ ಒಯ್ಯುವುದು ಅಂತ ಮನೆಯಲ್ಲಿ ಹೇಳುತ್ತೇವೆ. ನಾಲ್ಕು ದಿನ ನಡೆಯುತ್ತದೆ. ಆಮೇಲೆ ಮಳೆ, ಮಕ್ಕಳ ಶಾಲೆ, ತೋಟದ ಕೆಲಸ ಅಂತ ಬಿಟ್ಟೇ ಹೋಗುತ್ತದೆ. ಮನಸ್ಸು ಕಮ್ಮಿಯಾದ್ದಕ್ಕಲ್ಲ. ಎಲ್ಲವನ್ನೂ ಒಟ್ಟಿಗೆ ಹಿಡಿದದ್ದಕ್ಕೆ, ಎಷ್ಟು ಆಯಿತು ಅಂತ ನೋಡಲು ಅಳತೆ ಇಲ್ಲದ್ದಕ್ಕೆ.

ಅದಕ್ಕೇ ನಮ್ಮೊಡನೆ ನಾವೇ ಒಂದು ಪಂಥ ಕಟ್ಟಿಕೊಳ್ಳುವುದು ಒಳ್ಳೆಯದು. ಇಷ್ಟು ದಿನ, ಇಷ್ಟೇ ಕೆಲಸ, ಇದೇ ಲೆಕ್ಕ. ಕಾಸರಗೋಡಿನ ನಮ್ಮ ಮನೆಗಳಿಗೆ ಒಗ್ಗುವ ಹಾಗೆ ಅದನ್ನು ನಡೆಸುವುದು ಹೇಗೆ ಅಂತ ನೋಡೋಣ.

ಎಷ್ಟು ದಿನ?

ಕೇರಳದಲ್ಲಿ ಮನೆಯ ಕರೆಂಟ್ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ. ಪಂಥದ ಅವಧಿಯೂ ಅಷ್ಟೇ ಇರಲಿ. ಮೀಟರ್ ನೋಡುವವರು ಬಂದು ಹೋದ ಮರುದಿನ ಶುರು ಮಾಡಿ, ಅವರು ಮತ್ತೆ ಬರುವ ದಿನ ಮುಗಿಸಿ. ಬೇರೆ ಲೆಕ್ಕ ಇಡದಿದ್ದರೂ ಬಿಲ್ಲೇ ಒಂದು ಲೆಕ್ಕ ಕೊಡುತ್ತದೆ.

ಎರಡು ತಿಂಗಳು ಜಾಸ್ತಿ ಅಂತ ಅನಿಸಬಹುದು. ಆದರೆ ಅಭ್ಯಾಸ ಕೈಗೆ ಹತ್ತಲು ಸಾಮಾನ್ಯವಾಗಿ ಅಷ್ಟು ಸಮಯ ಬೇಕಾಗುತ್ತದೆ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 96 ಮಂದಿಯ ಮೇಲೆ ನಡೆಸಿದ ಅಧ್ಯಯನ 2009ರಲ್ಲಿ ಹೊರಬಂತು. ಹೊಸ ಅಭ್ಯಾಸವೊಂದು ಯೋಚನೆ ಮಾಡದೆಯೇ ನಡೆಯುವ ಹಂತಕ್ಕೆ ಬರಲು ಸರಾಸರಿ 66 ದಿನ ಬೇಕಾಗುತ್ತದೆ ಅಂತ ಅದರಲ್ಲಿ ಕಂಡುಬಂತು. ಕೆಲವರಿಗೆ 18 ದಿನ ಸಾಕಾಯಿತು, ಇನ್ನು ಕೆಲವರಿಗೆ ಎಂಟು ತಿಂಗಳೂ ಬೇಕಾದೀತು ಎಂಬ ಅಂದಾಜು ಬಂತು. ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ತುಂಬ ಹಿಡಿಸಿತು: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸವೇನೂ ಕೆಡುವುದಿಲ್ಲ. ಹಾಗಾಗಿ ಒಂದು ದಿನ ಮರೆತರೆ ಪಂಥ ಸೋತೆವು ಅಂತ ಕೈಬಿಡಬೇಡಿ.

ಮೊದಲ ವಾರ ಏನೂ ಬದಲಾಯಿಸಬೇಡಿ

ಸುಮ್ನೆ ನೋಡಿ, ಅಷ್ಟೇ. ಅಡುಗೆಮನೆಯ ಮೂಲೆಯಲ್ಲಿ ಒಂದು ಗೋಣಿ ಇಟ್ಟು ಆ ವಾರ ಬಂದ ಪ್ಲಾಸ್ಟಿಕ್ಕೆಲ್ಲ ಅದರಲ್ಲೇ ಹಾಕಿ. ಬೆಳಿಗ್ಗೆ ಒಂದೇ ಹೊತ್ತಿಗೆ ಮೀಟರಿನ ಅಂಕಿ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಬಾವಿ ಇರುವವರು ಪಂಪು ಹಾಕುವ ಮೊದಲು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಕಲ್ಲು ನೀರು ಮುಟ್ಟಿದಾಗ ಬಾವಿಕಟ್ಟೆಯ ಮಟ್ಟಕ್ಕೆ ಹಗ್ಗದಲ್ಲಿ ಒಂದು ಗಂಟು ಹಾಕಿಡಿ. ಮುಂದಿನ ಆದಿತ್ಯವಾರ ಅದೇ ಹೊತ್ತಿಗೆ ಮತ್ತೊಂದು ಗಂಟು.

ವಾರದ ಕೊನೆಗೆ ಗೋಣಿಯನ್ನು ಅಂಗಳದಲ್ಲಿ ಸುರಿದು ಮನೆಯವರೆಲ್ಲ ಕೂತು ನೋಡಿ. ಹಾಲಿನ ಪ್ಯಾಕೆಟ್ ಎಷ್ಟು, ಚಿಪ್ಸಿನ ಕವರು ಎಷ್ಟು, ಸಾಮಾನು ಕಟ್ಟಿಸಿದ್ದು ಎಷ್ಟು ಅಂತ ಗೊತ್ತಾಗುತ್ತದೆ. ಯಾವುದು ಜಾಸ್ತಿ ಇದೆಯೋ ಅಲ್ಲಿಂದಲೇ ಶುರು.

ಮೂರೇ ಮೂರು ಆರಿಸಿ

ಒಂದು ಪ್ಲಾಸ್ಟಿಕ್ಕಿಗೆ, ಒಂದು ನೀರಿಗೆ, ಒಂದು ಕರೆಂಟಿಗೆ. ಹತ್ತು ಹಿಡಿದರೆ ಒಂದೂ ಉಳಿಯುವುದಿಲ್ಲ. ಆರಿಸಿದ್ದನ್ನು ದಿನಾ ಹೇಗೂ ಮಾಡುವ ಯಾವುದಾದರೂ ಕೆಲಸದ ಬೆನ್ನಿಗೆ ಕಟ್ಟಿ. "ಪ್ಲಾಸ್ಟಿಕ್ ಕಮ್ಮಿ ಮಾಡುತ್ತೇನೆ" ಅಂದರೆ ಯಾವಾಗ ಅಂತ ಗೊತ್ತಾಗುವುದಿಲ್ಲ. "ಹಾಲು ಪಾತ್ರೆಗೆ ಸುರಿದ ಕೂಡಲೇ ಪ್ಯಾಕೆಟ್ ತೊಳೆದು ನೇತುಹಾಕುತ್ತೇನೆ" ಅಂದರೆ ಗೊತ್ತಾಗುತ್ತದೆ, ಅಲ್ವಾ?

ಎಲ್ಲಕ್ಕಿಂತ ಮೊದಲು, ಒಲೆ

ಮೂರರಲ್ಲಿ ಒಂದನ್ನು ನಾನೇ ಹೇಳಿಬಿಡುತ್ತೇನೆ. ನಮ್ಮ ಕಡೆ ಬಚ್ಚಲ ಹಂಡೆಯ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಕವರು ಹಾಕುವ ರೂಢಿ ಇನ್ನೂ ಹೋಗಿಲ್ಲ. ಮಳೆಗಾಲದಲ್ಲಂತೂ ಕಟ್ಟಿಗೆ ಹಸಿ, ಬೆಂಕಿ ಹಿಡಿಯುವುದಿಲ್ಲ, ಒಂದು ಕವರು ಹಾಕಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಆದರೆ ಆ ಒಲೆಯ ಬಿಸಿ ಪ್ಲಾಸ್ಟಿಕ್ಕನ್ನು ಪೂರ್ತಿ ಸುಡಲು ಸಾಲುವುದಿಲ್ಲ. ಅರೆಬರೆ ಸುಟ್ಟ ಪ್ಲಾಸ್ಟಿಕ್ಕಿನಿಂದ ಮಸಿಯೂ ವಿಷದ ಹೊಗೆಯೂ ಏಳುತ್ತದೆ. ಪಿವಿಸಿ ಎಂಬ ಬಗೆಯ ಪ್ಲಾಸ್ಟಿಕ್ ಸೇರಿದ್ದರೆ ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತದೆ. ಅದು ಸುಲಭದಲ್ಲಿ ಕರಗಿ ಹೋಗುವ ವಸ್ತುವಲ್ಲ, ದೇಹದ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಒಲೆಯ ಬೂದಿ ಹೋಗುವುದು ಎಲ್ಲಿಗೆ? ತೆಂಗಿನ ಬುಡಕ್ಕೆ, ಬಸಳೆಯ ಬುಡಕ್ಕೆ. ಎಂಡೋಸಲ್ಫಾನ್ ಕೀಟನಾಶಕದ ನೋವು ಉಂಡ ಜಿಲ್ಲೆ ನಮ್ಮದು. ಗಾಳಿಯಲ್ಲಿ, ಮಣ್ಣಿನಲ್ಲಿ ವಿಷ ಸೇರಿದರೆ ಏನಾಗುತ್ತದೆ ಅಂತ ನಮಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ.

ಹಾಗಾದರೆ ಒಲೆ ಹೊತ್ತಿಸುವುದು ಹೇಗೆ? ಬೇಸಗೆಯಲ್ಲೇ ತಯಾರಿ ಮಾಡಿ. ಒಣಗಿದ ಮಡಲಿನ ಗರಿಗಳನ್ನು ಸಣ್ಣ ಸೂಟೆಯ ಹಾಗೆ ಕಟ್ಟಿ ಅಟ್ಟದಲ್ಲಿ ಪೇರಿಸಿಡಿ. ಗೆರಟೆಯನ್ನು ಚೀಲಕ್ಕೆ ತುಂಬಿ ಒಲೆಯ ಪಕ್ಕದಲ್ಲೇ ಇಡಿ, ಅದರ ಬಿಸಿಗೆ ಒಣಗಿಕೊಂಡೇ ಇರುತ್ತದೆ. ಒಂದು ಸೂಟೆ, ಮೇಲೆ ನಾಲ್ಕು ಗೆರಟೆ ಚೂರು ಇಟ್ಟರೆ ಹಸಿ ಕಟ್ಟಿಗೆಯೂ ಹಿಡಿಯುತ್ತದೆ.

ಪ್ಲಾಸ್ಟಿಕ್ ಒಲೆಗಲ್ಲ ಅಂದ ಮೇಲೆ ಎಲ್ಲಿಗೆ? ಒಣ ಕಸ ಒಟ್ಟುಮಾಡುವ ಹರಿತ ಕರ್ಮ ಸೇನೆಯ ಅಕ್ಕಂದಿರು ಹಸಿರು ಕೋಟು ಹಾಕಿ ಮನೆಮನೆಗೆ ಬರುತ್ತಾರೆ. ಪಂಚಾಯತುಗಳಲ್ಲಿ ಮನೆಯೊಂದಕ್ಕೆ ತಿಂಗಳಿಗೆ 50 ರೂಪಾಯಿ ಶುಲ್ಕ. ತೊಳೆದು ಒಣಗಿಸಿದ ಪ್ಲಾಸ್ಟಿಕ್ಕನ್ನು ಅವರಿಗೆ ಕೊಡಬೇಕು. ಹಾಲಿನ ಪ್ಯಾಕೆಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ. ಆ ಚೂರು ಯಾರ ಕೈಗೂ ಸಿಗುವುದಿಲ್ಲ, ಚರಂಡಿಯಿಂದ ತೋಡಿಗೆ, ತೋಡಿನಿಂದ ಹೊಳೆಗೆ ಹೋಗುತ್ತದೆ. ಅರ್ಧ ಮಾತ್ರ ಸೀಳಿ, ಚೂರು ಅಲ್ಲೇ ಅಂಟಿಕೊಂಡಿರಲಿ. ಒಳಗೆ ಸ್ವಲ್ಪ ನೀರು ಹಾಕಿ ಅಲ್ಲಾಡಿಸಿ, ಆ ನೀರನ್ನು ಕರಿಬೇವಿನ ಬುಡಕ್ಕೆ ಹಾಕಿ, ಪ್ಯಾಕೆಟನ್ನು ಬಾಯಿ ಕೆಳಗಾಗಿ ಕ್ಲಿಪ್ಪಿಗೆ ಸಿಕ್ಕಿಸಿ. ಸಂಜೆಗೆ ಒಣಗಿರುತ್ತದೆ, ವಾಸನೆ ಬರುವುದಿಲ್ಲ. ಗಲೀಜು ಪ್ಯಾಕೆಟುಗಳನ್ನು ಕೈಯಲ್ಲಿ ಬಿಡಿಸುವ ಆ ಅಕ್ಕಂದಿರಿಗೆ ನಾವು ಕೊಡಬಹುದಾದ ಮರ್ಯಾದೆ ಇದು.

ಅಡುಗೆಮನೆಯ ಹಸಿ ಕಸಕ್ಕೆ ತೋಟ ಇರುವ ಮನೆಯಲ್ಲಿ ತಾಪತ್ರಯವಿಲ್ಲ. ದನಕ್ಕೋ ಗೊಬ್ಬರದ ಗುಂಡಿಗೋ ಹೋಗುತ್ತದೆ. ಪೇಟೆಯ ಬಾಡಿಗೆ ಮನೆಯಲ್ಲಿರುವವರು ತೂತು ಮಾಡಿದ ಬಕೆಟಿನಲ್ಲಿ ಒಂದು ಪದರ ಕಸ, ಒಂದು ಪದರ ತೆಂಗಿನ ನಾರಿನ ಪುಡಿ ಅಥವಾ ಒಣ ಎಲೆ ಹಾಕಿ. ವಾಸನೆ ಬಂದರೆ ಒಣ ಪದರ ಕಮ್ಮಿಯಾಗಿದೆ ಎಂದರ್ಥ. ಬಚ್ಚಂಗಾಯಿಯ ಬಿಳಿ ಭಾಗವನ್ನು ಮಾತ್ರ ಬಕೆಟಿಗೆ ಹಾಕಬೇಡಿ. ಅದು ದೋಸೆಗೆ.

ನೀರಿನ ಗಂಟು

ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯವು. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಆದರೂ ಮೀನ ತಿಂಗಳಿಗೆ (ಮಾರ್ಚ್-ಏಪ್ರಿಲ್) ಬಾವಿಯ ತಳ ಕಾಣುತ್ತದೆ. ಇಳಿಜಾರಿನಲ್ಲಿ ಬಿದ್ದ ನೀರು ನಿಲ್ಲದೆ ಕಡಲಿಗೆ ಓಡುತ್ತದೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತಂದವರು, ಹೊಳೆಗೆ ವರ್ಷವರ್ಷ ಕಟ್ಟ ಕಟ್ಟಿದವರು ನಮ್ಮ ಹಿರಿಯರು. ಸುರಂಗ ಒಸರಬೇಕಾದರೆ ಗುಡ್ಡ ನೀರು ಕುಡಿದಿರಬೇಕು. ಗುಡ್ಡದ ಮೇಲೆ ಮಳೆನೀರು ನಿಲ್ಲಿಸುವ ಮದಕ (ಕೆರೆ), ಇಂಗುಗುಂಡಿಗಳ ಕೆಲಸ ಅದೇ.

ಒಂದು ಲೆಕ್ಕ ನೋಡಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಂದರೆ ಒಂದು ಲೀಟರ್ ನೀರು. 1000 ಚದರ ಅಡಿಯ ಮಾಡು ಎಂದರೆ ಸುಮಾರು 93 ಚದರ ಮೀಟರ್. 3000 ಮಿಲಿಮೀಟರಿಗೆ ಎರಡೂವರೆ ಲಕ್ಷ ಲೀಟರಿಗೂ ಮೇಲೆ ನೀರು ಅದರ ಮೇಲೆ ಬೀಳುತ್ತದೆ. ಮೊದಲ ಕೆಲವು ಮಳೆಯನ್ನು ಮಾಡು ತೊಳೆಯಲು ಬಿಟ್ಟು, ಆಮೇಲಿನದ್ದನ್ನು ಪೈಪಿನಲ್ಲಿ ಜಲ್ಲಿ, ಇದ್ದಿಲು, ಮರಳಿನ ಸೋಸುತೊಟ್ಟಿಗೆ ಇಳಿಸಿ ಬಾವಿಗೆ ಬಿಡಬಹುದು. ಇದು ಒಮ್ಮೆ ಖರ್ಚು ಮಾಡಿ ಮುಗಿಸುವ ಕೆಲಸ. ದಿನದ ಅಭ್ಯಾಸಕ್ಕೆ ಸಣ್ಣದೊಂದನ್ನು ಆರಿಸಿ: ಅಕ್ಕಿ ತೊಳೆದ ನೀರು ಗಿಡಕ್ಕೆ, ಅಥವಾ ಸೋರುವ ನಳ್ಳಿಯ ಕೆಳಗೆ ರಾತ್ರಿ ಒಂದು ಚೆಂಬು. ಬೆಳಿಗ್ಗೆ ಚೆಂಬು ತುಂಬಿದ್ದು ಕಂಡರೆ ವಾಷರ್ ಬದಲಾಯಿಸಲು ಯಾರೂ ತಡಮಾಡುವುದಿಲ್ಲ. ಹಗ್ಗದ ಗಂಟನ್ನು ಪಂಥ ಮುಗಿದ ಮೇಲೂ ಹಾಕುತ್ತಾ ಇರಿ.

ಕರೆಂಟು

ಜಾಸ್ತಿ ಹೊತ್ತು ತಿರುಗುವ ಫ್ಯಾನ್ ಯಾವುದು ಅಂತ ಮೊದಲು ನೋಡಿ. ಹಳೆಯ ಫ್ಯಾನ್ ಸುಮಾರು 75 ವ್ಯಾಟ್ ತೆಗೆದುಕೊಳ್ಳುತ್ತದೆ, ಕಮ್ಮಿ ಕರೆಂಟಿನಲ್ಲಿ ತಿರುಗುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕೆ 10 ಗಂಟೆ ಅಂದರೆ ಎರಡು ತಿಂಗಳ ಬಿಲ್ಲಿನಲ್ಲಿ 27 ಯೂನಿಟ್ ಉಳಿತಾಯ. ಇದ್ದದ್ದೆಲ್ಲ ಬದಲಾಯಿಸಬೇಕಾಗಿಲ್ಲ, ಆ ಒಂದು ಸಾಕು. ಖರ್ಚು ಬೇಡ ಅಂದರೆ ಟಿವಿ, ಸೆಟ್‌ಟಾಪ್ ಬಾಕ್ಸ್ ಎರಡನ್ನೂ ಮಲಗುವ ಮೊದಲು ಗೋಡೆಯ ಸ್ವಿಚ್ಚಿನಲ್ಲೇ ಆಫ್ ಮಾಡಿ.

ಕೆಲಸ ಯಾರದ್ದು?

ಇದನ್ನು ಗಟ್ಟಿಯಾಗಿ ಹೇಳಬೇಕು. ಪಂಥ ಕಟ್ಟುವವರು ಒಬ್ಬರು, ಪ್ಯಾಕೆಟ್ ತೊಳೆಯುವವರು ಅಮ್ಮ ಅಂತಾಗಬಾರದು. ಬೆಳಿಗ್ಗೆ ಮೊದಲು ಚಹಾ ಕುಡಿಯುವವರು ಪ್ಯಾಕೆಟ್ ತೊಳೆಯಲಿ. ಮೀಟರ್ ಬರೆಯುವುದು ಮಕ್ಕಳ ಪಾಲಿಗೆ. ಬಾವಿಯ ಹಗ್ಗ ಅಜ್ಜನಿಗೆ ಕೊಡಿ, ಯಾವ ವರ್ಷ ನೀರು ಎಲ್ಲಿವರೆಗೆ ಇಳಿದಿತ್ತು ಅಂತ ಅವರು ಹೇಳುತ್ತಾರೆ.

ಮನೆಯಲ್ಲಿ ಕಾರ್ಯಕ್ರಮ ಬಂದರೆ

ಎರಡು ತಿಂಗಳಲ್ಲಿ ಪೂಜೆಯೋ ನಾಮಕರಣವೋ ಒಂದಾದರೂ ಬರುತ್ತದೆ. ಹಿಡಿದ ಅಭ್ಯಾಸ ತಪ್ಪುವುದು ಅಲ್ಲೇ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ಕೇರಳದಲ್ಲಿ 2020ರ ಜನವರಿ 1ರಿಂದಲೇ ನಿಷೇಧ ಇದೆ. ಊಟಕ್ಕೆ ಬಾಳೆ ಎಲೆ ಹೇಗೂ ಇದೆ, ತಿಂಡಿಗೆ ಹಾಳೆ ತಟ್ಟೆ ಆಗುತ್ತದೆ. ಬಾಕಿ ಉಳಿಯುವುದು ಲೋಟ. ಕಾಗದದ ಕಪ್ಪು ಆಗಬಹುದಲ್ಲ ಅಂತ ಕೇಳುತ್ತಾರೆ. ಅದರ ಒಳಗೂ ಪ್ಲಾಸ್ಟಿಕ್ ಲೇಪ ಇರುತ್ತದೆ. ಹಾಗಾಗಿ ಅಡುಗೆಯವರನ್ನು ಗೊತ್ತುಮಾಡುವ ದಿನವೇ ಸ್ಟೀಲ್ ಲೋಟದ ಮಾತೂ ಆಗಲಿ, ತೊಳೆಯಲು ಇಬ್ಬರಿಗೆ ಅಂದೇ ಹೇಳಿಡಿ. ತೊಳೆಯುವವರು ಇಲ್ಲ ಅಂತಲೇ ಹೆಚ್ಚಿನ ಕಡೆ ಕೊನೆಯ ಗಳಿಗೆಯಲ್ಲಿ ಪೇಟೆಯಿಂದ ಕಪ್ಪಿನ ಕಟ್ಟು ಬರುವುದು.