ಬಸ್ ಡ್ಯೂಟಿಯಲ್ಲಿರುವವರು ಬಿಪಿ, ಶುಗರ್ ನೋಡಿಕೊಳ್ಳುವುದು ಹೇಗೆ?

ಸ್ಟೇರಿಂಗ್ ಹಿಡಿದವರಿಗೆ ಹೃದಯದ ತೊಂದರೆ ಹೆಚ್ಚು ಎಂಬುದು ಹೊಸ ಮಾತಲ್ಲ. ಲಂಡನ್ನಿನ ಡಬಲ್ ಡೆಕ್ಕರ್‌ಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಿಗಿಂತ ಕೂತೇ ದುಡಿಯುವ ಡ್ರೈವರ್‌ಗಳಿಗೆ ಹೃದಯಾಘಾತ ಹೆಚ್ಚು ಎಂದು ಬ್ರಿಟನ್ನಿನ ವೈದ್ಯ ಜೆರ್ರಿ ಮಾರಿಸ್ 1953ರಲ್ಲೇ ತೋರಿಸಿದ್ದರು. ನಮ್ಮ ಬಸ್ಸುಗಳಲ್ಲಿ ಹತ್ತಲು ಆ ಮೆಟ್ಟಿಲೂ ಇಲ್ಲ. ಹಾಗಾಗಿ ಮೂವತ್ತು ದಾಟಿದ ಮೇಲೆ ಇಬ್ಬರೂ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು.

ಬಿಪಿ: ಟ್ರಿಪ್ ಮುಗಿಸಿ ಬಂದವರು ನೇರ ಮೆಷಿನ್ ಮುಂದೆ ಕೂತರೆ ಲೆಕ್ಕ ತಪ್ಪುತ್ತದೆ. ಮೊದಲು ಮೂತ್ರಕ್ಕೆ ಹೋಗಿ ಬನ್ನಿ. ಕಟ್ಟಿಕೊಂಡು ಕೂತರೆ ಬಿಪಿ ಏರಿಯೇ ತೋರಿಸುತ್ತದೆ. ಅರ್ಧ ಗಂಟೆ ಮುಂಚೆ ಟೀ, ಬೀಡಿ ಬೇಡ. ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಿ. ಪಟ್ಟಿಯನ್ನು ಅಂಗಿಯ ತೋಳಿನ ಮೇಲಲ್ಲ, ಬರಿ ತೋಳಿಗೆ, ಎದೆಯ ಮಟ್ಟಕ್ಕೆ ಕಟ್ಟಿಸಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿಯಾದರೆ ಇಲ್ಲದ ಬಿಪಿ ಕಾಣಿಸುತ್ತದೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಡಾಕ್ಟರನ್ನು ಕಾಣಿ.

ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯನ್ನು ಲಾಂಗ್ ರೂಟ್ ದಿನ ನುಂಗದೆ ಬಿಡುವವರು ಬಹಳ. ಬಿಡಬೇಡಿ. ‘ನನ್ನ ಡ್ಯೂಟಿ ಹೀಗಿದೆ’ ಎಂದು ಡಾಕ್ಟರಿಗೆ ಹೇಳಿದರೆ ಹೊತ್ತನ್ನೋ ಮಾತ್ರೆಯನ್ನೋ ಬದಲಿಸಿ ಕೊಡುತ್ತಾರೆ.

ಶುಗರ್: ಖಾಲಿ ಹೊಟ್ಟೆಯ ಪರೀಕ್ಷೆಗೆ ಎಂಟು ಗಂಟೆ ನೀರು ಬಿಟ್ಟು ಏನೂ ಮುಟ್ಟುವಂತಿಲ್ಲ, ಬೆಳಗಿನ ಜಾವದ ಅರ್ಧ ಟೀ ಕೂಡ. ನೈಟ್ ಡ್ಯೂಟಿಯವರಿಗೆ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ರಕ್ತ ಪರೀಕ್ಷೆಯೇ ಅನುಕೂಲ, ಉಪವಾಸ ಬೇಕಿಲ್ಲ. 5.7ರಿಂದ 6.4 ಬಂದರೆ ಅಂಚಿನಲ್ಲಿದ್ದೀರಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಜೊತೆಗೆ ಸೊಂಟಕ್ಕೆ ಟೇಪು ಹಿಡಿಯಿರಿ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು.

ಡ್ರೈವರ್‌ಗೆ ಏರಿದ ಶುಗರ್‌ಗಿಂತ ಕ್ಷಣದಲ್ಲಿ ಇಳಿಯುವ ಶುಗರ್ ಅಪಾಯಕಾರಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ತೆಗೆದುಕೊಂಡು, ಬಸ್ ಲೇಟಾಯಿತೆಂದು ಊಟ ಬಿಟ್ಟರೆ ಹೀಗಾಗುತ್ತದೆ. ಇವುಗಳ ಮೇಲಿರುವವರು ಗಾಡಿ ತೆಗೆಯುವ ಮುನ್ನ ಗ್ಲೂಕೋಮೀಟರ್‌ನಲ್ಲಿ ನೋಡಲಿ. 90ಕ್ಕಿಂತ ಕಡಿಮೆ ಇದ್ದರೆ ಮೊದಲು ತಿಂಡಿ. ದಾರಿಯಲ್ಲಿ ಕೈ ನಡುಗಿ, ಬೆವೆತು, ಕಣ್ಣು ಮಂಜಾದರೆ ಬಸ್ ಪಕ್ಕಕ್ಕೆ ಹಾಕಿ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಿರಿ. ಬಿಸ್ಕತ್ತು ನಿಧಾನ, ಅದು ಆಮೇಲೆ. ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. 70ರ ಒಳಗೇ ಇದ್ದರೆ ಇನ್ನೊಮ್ಮೆ ಅಷ್ಟೇ ಸಕ್ಕರೆ. ಸರಿಹೋದ ಮೇಲೂ ಮುಕ್ಕಾಲು ಗಂಟೆ ಸ್ಟೇರಿಂಗ್ ಮುಟ್ಟಬೇಡಿ. ಹಿಂದಿನ ಪ್ರಯಾಣಿಕರು ಗೊಣಗಲಿ ಬಿಡಿ.

ಟೀ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಸಕ್ಕರೆ ಬಿಡಿ. ಲೋಟಕ್ಕೆ ಎರಡು ಚಮಚದಂತೆ ಐದು ಟೀಗೆ ಸುಮಾರು 50 ಗ್ರಾಂ ಆಗುತ್ತದೆ.

ಎದೆ ಬಿಗಿದು, ತಣ್ಣನೆ ಬೆವೆತು, ನೋವು ದವಡೆಗೋ ಎಡಗೈಗೋ ಹರಿದರೆ ಗ್ಯಾಸ್ ಎಂದು ಸೋಡಾ ಕುಡಿದು ಮುಂದಿನ ಸ್ಟಾಪ್‌ವರೆಗೆ ಓಡಿಸಬೇಡಿ. ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ನಿಲ್ಲಿಸಿ. 108ಕ್ಕೆ ಕರೆ ಮಾಡುವುದು ಕಂಡಕ್ಟರ್ ಕೆಲಸ. ಕರ್ನಾಟಕದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಅಗತ್ಯವಿದ್ದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ದೊಡ್ಡ ಊರಿಗೇ ಹೋಗೋಣ ಎಂದು ದಾರಿಯಲ್ಲಿ ಸಿಗುವ ತಾಲೂಕು ಆಸ್ಪತ್ರೆ ದಾಟಿ ಹೋಗಬೇಡಿ.