ಗೋಕರ್ಣದಿಂದ ಶಿರಸಿಗೆ: ವಿದೇಶಿ ಅತಿಥಿಗಳನ್ನು ಘಟ್ಟ ಹತ್ತಿಸಿದ ನನ್ನ ಅನುಭವ

ಓಂ ಬೀಚು, ಕುಡ್ಲೆ ಬೀಚು ಬಿಟ್ಟು ವಿದೇಶಿಯರು ಶಿರಸಿಯ ಅಡಿಕೆ ತೋಟದ ಮನೆಯಲ್ಲಿ ಮೂರು ರಾತ್ರಿ ಉಳಿಯುತ್ತಾರೆಂದರೆ ನಮ್ಮೂರಿನಲ್ಲಿ ಯಾರೂ ನಂಬಿರಲಿಲ್ಲ. ಕಳೆದ ಹಂಗಾಮಿನಲ್ಲಿ ನಲವತ್ತರ ಆಸುಪಾಸಿನಷ್ಟು ಮಂದಿ ಹಾಗೆ ಉಳಿದು ಹೋದರು.

ಮೊದಲ ವರ್ಷ ಮಾಡಿದ ತಪ್ಪೆಂದರೆ ಅವಸರ. ಬೆಳಿಗ್ಗೆ ಗೋಕರ್ಣದಿಂದ ಹೊರಡಿಸಿ ಯಾಣ, ಸಹಸ್ರಲಿಂಗ, ಬನವಾಸಿ ಮೂರನ್ನೂ ಒಂದೇ ದಿನಕ್ಕೆ ತುರುಕಿದ್ದೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಇಬ್ಬರಿಗೆ ವಾಂತಿಯಾಯಿತು. ಬನವಾಸಿಯ ಮಧುಕೇಶ್ವರ ದೇವಾಲಯ ತಲುಪುವಾಗ ಕತ್ತಲಾಗಿ, ಅಲ್ಲಿನ ಕಲ್ಲಿನ ಮಂಚದ ಕೆತ್ತನೆಯೂ ಸರಿಯಾಗಿ ಕಾಣಲಿಲ್ಲ. ಅರ್ಧ ಹಣ ಮರಳಿಸಿದೆ. ಆ ವರ್ಷದ ನಷ್ಟ ಹೆಚ್ಚುಕಡಿಮೆ 35 ಸಾವಿರ.

ಈಗ ದಿನಕ್ಕೆ ಒಂದೇ ಸ್ಥಳ. ಶಾಲ್ಮಲಾ ಹೊಳೆಯ ನೀರು ಇಳಿದು ಲಿಂಗಗಳು ಮೇಲೆ ಕಾಣುವ ನವೆಂಬರ್ ಕೊನೆಯಿಂದ ಸಹಸ್ರಲಿಂಗಕ್ಕೆ, ಪ್ರವಾಸದ ಬಸ್ಸುಗಳು ಬರುವ ಮೊದಲೇ ಕರೆದೊಯ್ಯುತ್ತೇನೆ. ಹೊಳೆಯಂಚಿನಲ್ಲಿ ನಾನು ಹಿಡಿಯುವ ದಾರಿಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮಧ್ಯಾಹ್ನ ಏನೂ ಇಲ್ಲ. ಸಂಜೆ ಅಂಗಳದಲ್ಲಿ ಅಡಿಕೆ ಸುಲಿಯುವವರ ಜೊತೆ ಅವರನ್ನು ಕೂರಿಸುತ್ತೇನೆ, ಸುಲಿಯುವ ಮೆಟ್ಟುಗತ್ತಿಯನ್ನು ಮುಟ್ಟಗೊಡುವುದಿಲ್ಲ. ಹೊರಡುವಾಗ ಬಹುತೇಕರು ನೆನೆಯುವುದು ಯಾಣದ ಬಂಡೆಗಳಿಗಿಂತ ಆ ಸಂಜೆಯನ್ನೇ.

ಊಟದಲ್ಲಿಯೂ ಹಣ ಕಳೆದೆ. ಬ್ರೆಡ್ಡು, ಪಾಸ್ತಾಕ್ಕೆಂದು ಒಂಬತ್ತು ಸಾವಿರದ ಓವನ್ ತಂದಿಟ್ಟರೆ, ಅವರು ಕೇಳಿ ಕೇಳಿ ತಿಂದದ್ದು ನಮ್ಮ ತೆಳು ದೋಸೆಯಾದ ತೆಳ್ಳೇವು ಮತ್ತು ತಂಬುಳಿ. ಮಾವಿನಕಾಯಿಯ ಹುಳಿಸಾರಾದ ಅಪ್ಪೆಹುಳಿಗೆ ಮೆಣಸು ಕಡಿಮೆ ಮಾಡಿದರೆ ಸಾಕು. ಕುಡಿಯಲು ಕುದಿಸಿ ಆರಿಸಿದ ನೀರನ್ನೇ, ಅವರೆದುರೇ ಕುದಿಸಿ ಕೊಡುತ್ತೇನೆ.

ಮಳೆಗಾಲದ ಯಾಣಕ್ಕಾಗಿ ಕಾಲಿಗೆ ಹತ್ತುವ ಉಂಬಳ (ಜಿಗಣೆ) ತಡೆಯುವ ಪ್ರಯೋಗವನ್ನೂ ನಡೆಸಿದೆ. ಕಾಲುಚೀಲಕ್ಕೆ ಹಚ್ಚಿದ ತಂಬಾಕಿನ ಪುಡಿ ನೆನೆದು ಅರ್ಧ ತಾಸಿಗೇ ಹೋಯಿತು, ಸುಣ್ಣ ಒಬ್ಬರ ಚರ್ಮ ಸುಟ್ಟಿತು. ಎಣ್ಣೆ ಮತ್ತು ಉಪ್ಪಿನ ಜೊತೆ ಮತ್ತೊಂದನ್ನು ಸೇರಿಸಿದ ಮೇಲೆ ಫಲ ಸಿಕ್ಕಿತು. ಆ ಮತ್ತೊಂದು ನಮ್ಮ ಮನೆಯಲ್ಲೇ ಇರಲಿ.

ವಿದೇಶಿ ಕಾರ್ಡು ನಡೆಯದೆ, ಆಮೇಲೆ ಕಳಿಸುತ್ತೇವೆಂದು ಹೋದ ದಂಪತಿಯಿಂದ ಆರು ಸಾವಿರ ಬರಲೇ ಇಲ್ಲ. ಅಂದಿನಿಂದ ಘಟ್ಟ ಹತ್ತುವ ಮೊದಲೇ ನಗದು ತೆಗೆದಿಟ್ಟುಕೊಳ್ಳಲು ಹೇಳುತ್ತೇನೆ. ವಿದೇಶಿಯರು ಉಳಿದ ಮಾಹಿತಿಯನ್ನು ಸರ್ಕಾರಕ್ಕೆ ಕೊಡುವ ಸಿ ಫಾರ್ಮ್ ತುಂಬಲು ಅವರು ಬಂದಾಗಿನಿಂದ ಇರುವ ಅವಧಿ 24 ತಾಸು ಮಾತ್ರವಾದ್ದರಿಂದ, ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿಯನ್ನು ಚಹಾ ಕೊಡುವಾಗಲೇ ಪಡೆಯುತ್ತೇನೆ. ಊಟ, ವಾಹನ ಸೇರಿ ತಲೆಗೆ ದಿನಕ್ಕೆ 2,800 ರೂಪಾಯಿ. ಖರ್ಚು ಕಳೆದು ಒಂಬೈನೂರರಷ್ಟು ಉಳಿಯುತ್ತದೆ.