ಅಮ್ಮನ ಮನೆ ಕಂತು ಸಿಕ್ಕಿದ್ದು ಹೀಗೆ

ಊರಲ್ಲಿ ಅಮ್ಮನ ಹೆಸರಿಗೆ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಮನೆ ಮಂಜೂರಾಗಿತ್ತು. ಬಯಲು ಸೀಮೆಯವರಿಗೆ 1.20 ಲಕ್ಷ ರೂಪಾಯಿ, ಅದೂ ಕಂತು ಕಂತಾಗಿ. ಮೊದಲ ಕಂತು ಸರಿಯಾಗಿ ಬಂತು. ಗೋಡೆ ಎದ್ದಿತು, ಜಿಪಿಎಸ್ ಫೋಟೊನೂ ಹೊಡೆದುಕೊಂಡು ಹೋದರು. ಆಮೇಲೆ ಎರಡು ತಿಂಗಳು ದುಡ್ಡೇ ಇಲ್ಲ.

ಪಂಚಾಯಿತಿಯಲ್ಲಿ ಕೇಳಿದರೆ ‘ಹಾಕಿಯಾಗಿದೆ’. ಬ್ಯಾಂಕಲ್ಲಿ ಕೇಳಿದರೆ ‘ಬಂದೇ ಇಲ್ಲ’. ನಾಲ್ಕು ಸಲ ಸುಮ್ನೆ ಓಡಾಡಿದೆ. ಸಿಮೆಂಟ್ ಅಂಗಡಿಯವರ ಮುಖ ನೋಡೋಕೆ ನಾಚಿಕೆ. ತಮಾಷೆ ಅಂದರೆ, ಇಬ್ಬರೂ ಹೇಳಿದ್ದು ನಿಜವೇ ಆಗಿತ್ತು.

ಈ ದುಡ್ಡು ಖಾತೆ ಸಂಖ್ಯೆ ನೋಡಿ ಬರಲ್ಲ, ಆಧಾರ್ ಸಂಖ್ಯೆ ನೋಡಿ ಬರುತ್ತದೆ. ಆಧಾರನ್ನು ಎಷ್ಟು ಖಾತೆಗೆ ಬೇಕಾದರೂ ಜೋಡಿಸಬಹುದು. ಆದರೆ ಸರ್ಕಾರದ ದುಡ್ಡು ಇಳಿಯೋದು ಒಂದಕ್ಕೇ, ಕೊನೆಗೆ ಮ್ಯಾಪ್ ಆದ, ಅಂದರೆ ಸರ್ಕಾರದ ದುಡ್ಡಿಗೆ ಅಂತ ಆಧಾರ್ ಜೊತೆ ಗುರುತು ಹಾಕಿದ ಖಾತೆಗೆ. ಇದನ್ನೇ ಸೀಡಿಂಗ್ ಅನ್ನುತ್ತಾರೆ. ಮೈಆಧಾರ್ ಜಾಲತಾಣದಲ್ಲಿ ಒಟಿಪಿ ಹಾಕಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆಗೆದೆ. ಅಲ್ಲಿ ಬೇರೆಯದೇ ಬ್ಯಾಂಕಿನ ಹೆಸರು!

ಅಮ್ಮನನ್ನು ಕೇಳಿದೆ. ‘ಅವತ್ತು ಒಬ್ಬ ಹುಡುಗ ಬಂದು ಹೆಬ್ಬೆಟ್ಟು ಒತ್ತಿಸ್ಕೊಂಡು ಹೋದ್ನಲ್ಲ’ ಅಂದರು. ಅವನು ಹಾಗೆ ತೆರೆದಿದ್ದ, ಪಾಸ್‌ಬುಕ್ ಇಲ್ಲದ ಆ ಖಾತೆಯಲ್ಲಿ ಕಂತು ತಣ್ಣಗೆ ಕೂತಿತ್ತು. ಜೊತೆಗೆ ನರೇಗಾ ಕೂಲಿಯೂ!

ಹೆಬ್ಬೆಟ್ಟು ಕೊಟ್ಟೇ ದುಡ್ಡು ತೆಗೆಸಿದೆವು. ಹಳೇ ಬ್ಯಾಂಕಿಗೆ ಹೋಗಿ ಡಿಬಿಟಿಗೆ (ಸರ್ಕಾರದ ದುಡ್ಡು ನೇರ ಖಾತೆಗೆ ಬರೋದಕ್ಕೆ) ಅಂತಲೇ ಆಧಾರ್ ಸೀಡಿಂಗ್ ಅರ್ಜಿ ಕೊಟ್ಟೆವು. ಬರೀ ‘ಲಿಂಕ್ ಮಾಡಿ’ ಅಂದರೆ ಕೆವೈಸಿ, ಅಂದರೆ ಗುರುತಿನ ದಾಖಲೆ ಮಾತ್ರ ಮಾಡಿ ಕಳಿಸಿಬಿಡುತ್ತಾರೆ, ಅದು ಸಾಲದು. ಕೆಲವು ದಿನ ಬಿಟ್ಟು ಸ್ಟೇಟಸ್ ನೋಡಿದರೆ ಹಳೇ ಬ್ಯಾಂಕಿನ ಹೆಸರು ಬಂದಿತ್ತು. ಈಗ ಮೋಲ್ಡ್ ಹಾಕೋ ತಯಾರಿ ನಡೆದಿದೆ.